ಸಾತಮಾಳದ ಸಂದು: ಚಾಂದವಡದ ಚರಿತ್ರೆಯನ್ನು ನಕಾಶೆಯಲ್ಲಿ ಓದುವ ಬಗೆ

ನಮ್ಮಲ್ಲಿ ಹತ್ತನೇ ತರಗತಿಯ ಸಮಾಜ ವಿಜ್ಞಾನದ ಪರೀಕ್ಷೆ ಬರೆದವರಿಗೆಲ್ಲ ನಕಾಶೆ ಎಂದರೆ ಭಾರತದ ಹೊರಗೆರೆ ಮತ್ತು ಅದರೊಳಗೆ ಇಡಬೇಕಾದ ನಾಲ್ಕಾರು ಚುಕ್ಕೆ. ಚುಕ್ಕೆ ಹೆಚ್ಚುಕಡಿಮೆ ಸರಿಯಾದ ಕಡೆ ಬಿದ್ದರೆ ಅಂಕ ಬಂತು. ಆ ಊರು ಅಲ್ಲೇ ಯಾಕೆ ಹುಟ್ಟಿತು, ಅಲ್ಲೇ ಯಾಕೆ ಬೆಳೆಯಿತು ಅಥವಾ ಸೊರಗಿತು ಎಂದು ಪ್ರಶ್ನೆಪತ್ರಿಕೆ ಕೇಳುವುದಿಲ್ಲ. ಇಸ್ರೋ 2009ರ ಆಗಸ್ಟಿನಲ್ಲಿ ‘ಭುವನ್’ ಜಾಲತಾಣವನ್ನು ತೆರೆದು, ಮುಂದೆ ಎನ್‌ಸಿಇಆರ್‌ಟಿಯ ಭೂಗೋಳ ಪಾಠಗಳಿಗೆ ಹೊಂದಿಸಿ ‘ಸ್ಕೂಲ್ ಭುವನ್’ ಎಂಬ ಶಾಲಾ ವಿಭಾಗವನ್ನೂ ಕಟ್ಟಿಕೊಟ್ಟ ಮೇಲೆ ಈ ಕೊರತೆ ತಾನಾಗಿಯೇ ತುಂಬಿಹೋಗುತ್ತದೆ ಎಂದು ಅನೇಕರು ಎಣಿಸಿದ್ದರು. ಈಗ ಹಿಗ್ಗಿಸಬಹುದು, ಕುಗ್ಗಿಸಬಹುದು, ಒಂದು ಪದರ ತೆಗೆದು ಇನ್ನೊಂದನ್ನು ಹಾಸಬಹುದು, ದೂರ ಅಳೆಯಬಹುದು. ಆದರೆ ಬಹುತೇಕ ವಿದ್ಯಾರ್ಥಿಗಳು ಇಷ್ಟೆಲ್ಲ ಸಲಕರಣೆ ಇದ್ದೂ ಮಾಡುವುದು ಹಳೆಯ ಕೆಲಸವನ್ನೇ: ಊರಿನ ಹೆಸರು ಟೈಪ್ ಮಾಡುತ್ತಾರೆ, ಕೆಂಪು ಗುರುತು ಬಂದು ಕೂರುತ್ತದೆ, ಚುಕ್ಕೆ ಸಿಕ್ಕಿತೆಂದು ಮುಂದೆ ಹೋಗುತ್ತಾರೆ. ಒಂದು ಊರಿನ ಚರಿತ್ರೆಯನ್ನು ಪರದೆಯ ನಕಾಶೆಯಿಂದ ಕಲಿಯಬೇಕಾದರೆ ಹೆಸರಿನಿಂದ ಹೊರಡಬಾರದು, ನೆಲದಿಂದ ಹೊರಡಬೇಕು. ರಸ್ತೆ, ಗಡಿ, ಹೆಸರು ಇವೆಲ್ಲ ಆಮೇಲಿನ ಪದರಗಳು, ಒಂದೊಂದಕ್ಕೂ ಅದರದೇ ವಯಸ್ಸಿದೆ. ಈ ಮಾತನ್ನು ಪರೀಕ್ಷಿಸಲು ನಾಸಿಕ್ ಜಿಲ್ಲೆಯ ಚಾಂದವಡ್ ಒಳ್ಳೆಯ ಊರು. ಅದು ಕನ್ನಡ ಓದುಗರಿಗೆ ಪರಕೀಯವಾದ ಊರೂ ಅಲ್ಲ, ಮುಂದೆ ದೇವಗಿರಿಯಿಂದ ಆಳಿದ ಸೇವುಣರ ಕಥೆ ಶುರುವಾಗುವುದೇ ಅಲ್ಲಿಂದ.

ಹೆಸರಿನಿಂದ ಹೊರಟರೆ ಏನಾಗುತ್ತದೆ ಎಂಬುದನ್ನು ಮೊದಲು ನೋಡಬಹುದು. ಇಂಗ್ಲಿಷರ ಕಾಲದ ಪುಸ್ತಕಗಳಲ್ಲೆಲ್ಲ ಈ ಊರು ‘ಚಾಂದೋರ್’. ಅದನ್ನೇ ಹುಡುಕುವ ಪೆಟ್ಟಿಗೆಯಲ್ಲಿ ಬರೆದರೆ ನಕಾಶೆ ನಮ್ಮನ್ನು ಗೋವೆಯ ಚಾಂದೋರಿಗೆ, ಅಂದರೆ ಗೋವೆಯ ಕದಂಬರ ಹಳೆಯ ರಾಜಧಾನಿ ಚಂದ್ರಪುರಕ್ಕೆ ಕೊಂಡೊಯ್ದುಬಿಡಬಹುದು. ಒಂದಕ್ಷರ ಆಚೀಚೆಯಾದರೆ ಅದೇ ನಾಸಿಕ್ ಜಿಲ್ಲೆಯ ನಿಫಾಡ್ ತಾಲ್ಲೂಕಿನ ಚಾಂದೋರಿ. ಹೋಳ್ಕರರ ಕಾಲದಲ್ಲಿ ಇಲ್ಲಿನ ಟಂಕಸಾಲೆಯಲ್ಲಿ ಅಚ್ಚಾದ ರೂಪಾಯಿಗಳ ಮೇಲೆ ಮೊಗಲ್ ಬಾದಶಹ ಶಾ ಆಲಂನ ಹೆಸರಿನ ಜೊತೆ ಟಂಕಸಾಲೆಯ ಊರಾಗಿ ಕಾಣುವುದು ‘ಜಾಫರಾಬಾದ್ ಉರ್ಫ್ ಚಾಂದೋರ್’. ನಾಣ್ಯದ ಅರ್ಧವನ್ನಷ್ಟೇ ಓದಿಕೊಂಡು ಜಾಫರಾಬಾದ್ ಹುಡುಕಿದವರು ಗುಜರಾತಿನ ಕಡಲ ತೀರಕ್ಕೋ ಜಾಲನಾ ಜಿಲ್ಲೆಗೋ ಹೋಗಿ ಮುಟ್ಟುತ್ತಾರೆ. ಹತ್ತಿರದ ದೊಡ್ಡ ನಗರದ ಕಥೆಯೂ ಹೀಗೆಯೇ: ಹಳೆಯ ಹಾಳೆಗಳಲ್ಲಿ ಔರಂಗಾಬಾದ್, 2023ರಿಂದ ಛತ್ರಪತಿ ಸಂಭಾಜಿನಗರ. ಹುಡುಕುವ ಪೆಟ್ಟಿಗೆಗೆ ಗೊತ್ತಿರುವುದು ಇಂದಿನ ಹೆಸರು, ಹೆಚ್ಚೆಂದರೆ ನಿನ್ನೆಯದು. ಚರಿತ್ರೆಯ ವಿದ್ಯಾರ್ಥಿಗೆ ಬೇಕಾದದ್ದು ಮೊನ್ನೆಯದು ಮತ್ತು ಅದಕ್ಕೂ ಹಿಂದಿನದು. ಆದ್ದರಿಂದ ಅಕ್ಷಾಂಶ ರೇಖಾಂಶ ಹಿಡಿದು ಹೋಗುವುದೇ ನೆಟ್ಟಗಿನ ದಾರಿ: ಉತ್ತರಕ್ಕೆ ಸುಮಾರು 20 ಡಿಗ್ರಿ 20 ಮಿನಿಟು, ಪೂರ್ವಕ್ಕೆ 74 ಡಿಗ್ರಿ 15 ಮಿನಿಟು. ಈ ಅಂಕಿಗಳನ್ನು ಯಾವ ಸರಕಾರವೂ ಮರುನಾಮಕರಣ ಮಾಡಿಲ್ಲ.

ಅಲ್ಲಿಗೆ ಹೋದ ಮೇಲೆ ಮೊದಲು ಮಾಡಬೇಕಾದದ್ದು ರಸ್ತೆಯ ಪದರವನ್ನು ಮರೆಮಾಡುವುದು. ಯಾವುದೇ ಜಾಲನಕಾಶೆ ತೆರೆದ ಕೂಡಲೇ ಹೆದ್ದಾರಿ ದಪ್ಪಗೆ, ಬಣ್ಣದಲ್ಲಿ ಎದ್ದು ಕಾಣುತ್ತದೆ. ಬೆಟ್ಟ ಮಸುಕಾಗಿರುತ್ತದೆ, ಇಲ್ಲವೇ ಕಾಣುವುದೇ ಇಲ್ಲ. ಇದು ವಾಹನ ಓಡಿಸುವವರ ಅನುಕೂಲಕ್ಕೆ ಮಾಡಿದ ಏರ್ಪಾಡು, ಚರಿತ್ರೆ ಓದುವವರಿಗಾಗಿ ಮಾಡಿದ್ದಲ್ಲ. ಭುವನ್‌ನಲ್ಲಿ ಭೂಸ್ವರೂಪದ ನೋಟಕ್ಕೆ ಹೋಗಿ, ಅಥವಾ ಓಪನ್‌ಟೋಪೋಮ್ಯಾಪ್‌ನಂಥ ಉಚಿತ ತಾಣದಲ್ಲಿ ಸಮೋನ್ನತಿ ರೇಖೆಗಳನ್ನು ನೋಡಿದರೆ ಚಿತ್ರವೇ ಬೇರೆ. ಇಂಥ ಅನೇಕ ತಾಣಗಳು ತೋರಿಸುವ ಏರುತಗ್ಗಿನ ಮೂಲ ಒಂದೇ: 2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆ ಹನ್ನೊಂದು ದಿನ ಭೂಮಿಯನ್ನು ಸುತ್ತುತ್ತ ರಾಡಾರಿನಿಂದ ಮಾಡಿದ ಅಳತೆ. ಅದರಲ್ಲಿ ಚಾಂದವಡದ ಬೆನ್ನಿಗೆ ಪಶ್ಚಿಮದಿಂದ ಪೂರ್ವಕ್ಕೆ ಒಂದು ಬೆಟ್ಟಸಾಲು ಚಾಚಿಕೊಂಡಿರುವುದು ಕಾಣುತ್ತದೆ. ಅದೇ ಸಾತಮಾಳ. ಸಹ್ಯಾದ್ರಿಯಿಂದ ಅಡ್ಡಲಾಗಿ ಹೊರಟ ಈ ಸಾಲು ಸಪ್ತಶೃಂಗಿ, ಧೋಡಪ್, ಇಂದ್ರಾಯಿ, ಚಾಂದವಡ್ ಎಂದು ಕೋಟೆಗುಡ್ಡಗಳನ್ನು ಪೋಣಿಸುತ್ತ ಅಂಕಾಯಿ-ಟಂಕಾಯಿಯ ಕಡೆಗೆ ಸಾಗಿ, ಮುಂದೆ ಅಜಂತಾ ಬೆಟ್ಟಗಳನ್ನು ಕೂಡಿಕೊಳ್ಳುತ್ತದೆ. ಪದರುಪದರಾಗಿ ಹರಿದು ಗಟ್ಟಿಯಾದ ಲಾವಾದ ಬೆಟ್ಟಗಳಾದ್ದರಿಂದ ತಲೆ ಚಪ್ಪಟೆ, ಪಕ್ಕ ಕಡಿದು. ಸಮೋನ್ನತಿ ರೇಖೆಗಳು ಕೋಟೆಯ ಗುಡ್ಡದ ಸುತ್ತ ಒಂದರ ಮೇಲೊಂದು ಬಿದ್ದಷ್ಟು ಒತ್ತಾಗಿ ಹೋಗಿ, ತುದಿಗೆ ಬಂದಾಗ ಒಮ್ಮೆಲೇ ಬಿಡಿಬಿಡಿಯಾಗುತ್ತವೆ. ಸುಮಾರು 4,000 ಅಡಿ ಎತ್ತರದ ಆ ಬಯಲಿನ ಮೇಲೆ ನೀರು ಕಟ್ಟಿ ದಂಡು ಇರಿಸಬಹುದು. ಕೆಳಗಿನಿಂದ ಹತ್ತುವವರಿಗೆ ದಾರಿ ಎಂಬುದು ಒಂದೋ ಎರಡೋ.

ಒತ್ತಾದ ರೇಖೆಗಳಿಗಿಂತ ಹೆಚ್ಚು ಹೊತ್ತು ನೋಡಬೇಕಾದದ್ದು ರೇಖೆಗಳು ಸಡಿಲವಾಗುವ ಜಾಗವನ್ನು. ಸಾತಮಾಳದ ಉತ್ತರಕ್ಕೆ ಬಿದ್ದ ಮಳೆ ಗಿರಣಾ ನದಿಗೆ, ಅಲ್ಲಿಂದ ತಾಪಿಗೆ, ಕಡೆಗೆ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ದಕ್ಷಿಣದ ಮಳೆ ಗೋದಾವರಿಯ ಪಾಲಾಗಿ ಬಂಗಾಳ ಕೊಲ್ಲಿ ಸೇರುತ್ತದೆ. ಎರಡು ಸೀಮೆಗಳ ನಡುವೆ ಎತ್ತಿನ ಗಾಡಿಯೋ ಹೇರೆತ್ತಿನ ಸಾಲೋ ದಾಟಬೇಕಾದರೆ ಬೆಟ್ಟ ತಗ್ಗಿದ ಕಡೆಯೇ ದಾಟಬೇಕು. ಅಂಥ ಒಂದು ತಗ್ಗು ಚಾಂದವಡದಿಂದ ಮಾಲೇಗಾವ್ ಕಡೆಗೆ ಇಳಿಯುವ ರಾಹೂಡ್ ಘಾಟ್. ಖಾನದೇಶದಿಂದ ನಾಸಿಕ್ಕಿಗೂ, ಅಲ್ಲಿಂದ ಕೊಂಕಣದ ಬಂದರುಗಳಿಗೂ ಹೋಗುವವರು ಈ ಸಂದಿನಲ್ಲಿ ನುಸುಳಿ ಬರಬೇಕಿತ್ತು, ಬಂದವರ ಮೇಲೆ ಕೋಟೆಯ ಕಣ್ಣು. ಇಷ್ಟು ಗೊತ್ತಾಗಲು ಒಂದು ಶಾಸನವನ್ನೂ ಓದಬೇಕಾಗಿಲ್ಲ. ಇನ್ನು ಶಾಸನ ಓದಿದರೆ ಅದರ ಅರ್ಥ ಎರಡು ಪಟ್ಟಾಗುತ್ತದೆ.

ಹದಿಮೂರನೇ ಶತಮಾನದಲ್ಲಿ ದೇವಗಿರಿಯ ಆಸ್ಥಾನದಲ್ಲಿದ್ದ ಹೇಮಾದ್ರಿ ತನ್ನ ‘ಚತುರ್ವರ್ಗ ಚಿಂತಾಮಣಿ’ಯ ವ್ರತಖಂಡದಲ್ಲಿ ಸೇವುಣ ಅರಸರ ವಂಶಾವಳಿಯನ್ನು ಕೊಡುತ್ತಾನೆ. ಆ ಸಂಪ್ರದಾಯದಂತೆ ಒಂಬತ್ತನೇ ಶತಮಾನದ ದೃಢಪ್ರಹಾರ ಮನೆತನದ ಮೊದಲ ಐತಿಹಾಸಿಕ ಪುರುಷ, ಅವನ ಊರು ಚಂದ್ರಾದಿತ್ಯಪುರ. ಅವನ ಮಗ ಸೇವುಣಚಂದ್ರನಿಂದ ನಾಡಿಗೂ ಮನೆತನಕ್ಕೂ ಸೇವುಣ ಎಂಬ ಹೆಸರು. ಚಂದ್ರಾದಿತ್ಯಪುರವೇ ಇಂದಿನ ಚಾಂದವಡ್ ಎಂದು ವಿದ್ವಾಂಸರು ಗುರುತಿಸಿದ್ದಾರೆ. ರಾಷ್ಟ್ರಕೂಟರಿಗೂ ಪ್ರತೀಹಾರರಿಗೂ ನಡೆದ ಕಾದಾಟದ ಗೊಂದಲದಲ್ಲಿ ದಾಳಿಕೋರರಿಂದ ಜನರನ್ನು ಕಾಪಾಡಿ ದೃಢಪ್ರಹಾರ ಮೇಲೆ ಬಂದಿರಬೇಕು ಎಂಬುದು ಅವರ ಊಹೆ. ಇದಕ್ಕೆ ಒಂದು ಆಕ್ಷೇಪಣೆ ಸಹಜವಾಗಿ ಬರುತ್ತದೆ: ಗುರುತಿಸುವಿಕೆ ನಿಂತಿರುವುದು ಹೆಸರಿನ ಹೋಲಿಕೆಯ ಮೇಲೆ ತಾನೇ? ಈಗಷ್ಟೇ ಹೆಸರನ್ನು ನಂಬಬೇಡಿ ಎಂದವರು ಇಲ್ಲಿ ಹೆಸರನ್ನೇ ನಂಬುವುದು ಹೇಗೆ? ಆಕ್ಷೇಪಣೆ ನ್ಯಾಯವಾದದ್ದು. ಹೆಸರೊಂದೇ ಆಧಾರವಾಗಿದ್ದರೆ ಈ ಗುರುತನ್ನು ಸಡಿಲವಾಗಿಯೇ ಹಿಡಿಯಬೇಕಿತ್ತು. ಆದರೆ ಪರದೆಯ ಮೇಲೆ ಇನ್ನೊಂದು ಪರೀಕ್ಷೆ ಸಾಧ್ಯ. ಆರಂಭದ ಸೇವುಣರ ಕಾಲ ಗೊತ್ತಿರುವ ಶಾಸನಗಳು ಸಿಕ್ಕ ಜಾಗಗಳಿಗೆ ಒಂದೊಂದು ಗುರುತು ಹಾಕಿ. ಎರಡನೇ ಭಿಲ್ಲಮನ ಶಕ 922ರ, ಅಂದರೆ ಕ್ರಿ.ಶ. 1000ದ ತಾಮ್ರಶಾಸನ ಸಂಗಮನೇರದ್ದು. ಮೂರನೇ ಭಿಲ್ಲಮನ ಶಕ 948ರ ಶಾಸನ ಅದೇ ಸೀಮೆಯ ಕಳಸ್ ಬುದ್ರುಕ್‌ನದು. ಎರಡನೇ ಸೇವುಣಚಂದ್ರನ ಕಾಲದ ಶಕ 991ರ ಶಿಲಾಶಾಸನ ಚಾಳೀಸಗಾವ್ ಬಳಿಯ ವಾಘಳಿಯದು. ಮೊದಲೆರಡು ಸಾತಮಾಳದ ದಕ್ಷಿಣಕ್ಕೆ ಗೋದಾವರಿಯ ಪಾತಳಿಯಲ್ಲಿ ಬೀಳುತ್ತವೆ. ಮೂರನೆಯದು ಬೆಟ್ಟ ದಾಟಿ ಗಿರಣೆಯ ಕಡೆಗೆ. ಅಂದರೆ ಈ ಮನೆತನದ ಕೈ ಬೆಟ್ಟಸಾಲಿನ ಎರಡೂ ಮಗ್ಗುಲಿಗೆ ಚಾಚಿತ್ತು. ಎರಡೂ ಮಗ್ಗುಲನ್ನು ಹಿಡಿದವರಿಗೆ ದಾಟುವ ಸಂದು ಕೈಯಲ್ಲಿರಲೇಬೇಕು. ಚಂದ್ರಾದಿತ್ಯಪುರವನ್ನು ಆ ಸಂದಿನ ಬಾಯಲ್ಲಿ ಇಟ್ಟರೆ ಮೂರು ಗುರುತುಗಳಿಗೂ ಅರ್ಥ ಬರುತ್ತದೆ, ಬೇರೆಲ್ಲೋ ಇಟ್ಟರೆ ಬೇರೆ ವಿವರಣೆ ಹುಡುಕಬೇಕಾಗುತ್ತದೆ. ಇದು ಪುರಾವೆಯಲ್ಲ, ಪುಷ್ಟಿ. ಹೆಸರಿನ ಹೋಲಿಕೆಗೆ ನೆಲವೂ ಹೂಂಗುಟ್ಟುತ್ತಿದೆ ಎಂದಷ್ಟೇ ಹೇಳಬಹುದು, ಅಷ್ಟು ಹೇಳಿದರೆ ಸಾಕು.

ಇಲ್ಲಿಯೇ ಜಾಲತಾಣಗಳ ಒಂದು ಕೆಟ್ಟ ಚಾಳಿಯ ಬಗ್ಗೆಯೂ ಹೇಳಬೇಕು. ಚರಿತ್ರೆಯ ನಕಾಶೆ ಎಂದರೆ ರಾಜ್ಯಕ್ಕೊಂದು ಬಣ್ಣ ಬಳಿದು ಅಂಚು ಎಳೆಯುವುದು ರೂಢಿ. ಸೇವುಣ ರಾಜ್ಯ ಹಸಿರು, ಹೊಯ್ಸಳ ರಾಜ್ಯ ಕೆಂಪು, ನಡುವೆ ತೆಳ್ಳನೆಯ ಗೆರೆ. ಒಂಬತ್ತು ಹತ್ತನೇ ಶತಮಾನದ ಒಬ್ಬ ಸಾಮಂತನ ಅಧಿಕಾರ ಹೀಗೆ ಸಮನಾಗಿ ಹರಡಿರಲಿಲ್ಲ. ಅದು ದಾರಿಯಲ್ಲಿ, ಕೋಟೆಯಲ್ಲಿ, ದತ್ತಿ ಕೊಟ್ಟ ಹಳ್ಳಿಯಲ್ಲಿ ಇತ್ತು, ನಡುವಿನ ಕಾಡಿನಲ್ಲಿ ಇತ್ತೆಂದು ಹೇಳುವುದು ಕಷ್ಟ. ಬಣ್ಣದ ಹರವಿಗಿಂತ ಮೂರು ಚುಕ್ಕೆ ಹೆಚ್ಚು ಪ್ರಾಮಾಣಿಕ. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿ ನಡೆಸುತ್ತಿರುವ ಶಾಸನಗಳ ತ್ರಿ-ಆಯಾಮದ ಡಿಜಿಟಲೀಕರಣದ ಕೆಲಸ ಈ ದಿಕ್ಕಿನಲ್ಲಿ ಮಾದರಿ. ಅಲ್ಲಿ ಶಾಸನವೊಂದು ನಿಂತ ಜಾಗ, ಅದರ ಪಾಠ, ಅದರ ಕಾಲ ಒಟ್ಟಿಗೆ ಸಿಗುತ್ತವೆ, ಅಂಚು ಎಳೆಯುವ ಆತುರವಿಲ್ಲ.

ಕಾಲ ಎಂದೆ. ಕನ್ನಡಿಗರಾದ ನಾವು ಹೆಚ್ಚು ಎಚ್ಚರ ವಹಿಸಬೇಕಾದ ಜಾಗ ಇದೇ. ಸೇವುಣರ ಶಾಸನಗಳಲ್ಲಿ ಬಹುಪಾಲು ಕನ್ನಡದವು. ಅವರ ಕೆಲವು ನಾಣ್ಯಗಳ ಮೇಲೂ ಕನ್ನಡ ಅಕ್ಷರಗಳಿವೆ. ಧಾಡಿಯಪ್ಪ, ವದ್ದಿಗ ಎಂಬ ಹೆಸರುಗಳು ಮನೆತನದ ಮೊದಲ ತಲೆಮಾರುಗಳಲ್ಲೇ ಬರುತ್ತವೆ. ಕರ್ನಾಟಕ ವಿಶ್ವವಿದ್ಯಾಲಯ 1973ರಲ್ಲಿ ಪ್ರಕಟಿಸಿದ ಶ್ರೀನಿವಾಸ ರಿತ್ತಿಯವರ ಸೇವುಣರ ಕುರಿತ ಗ್ರಂಥ ಈ ಕನ್ನಡ ನಂಟನ್ನು ಬಲವಾಗಿ ಎತ್ತಿ ಹೇಳಿತು. ಇವೆಲ್ಲ ನಿಜವೇ. ಆದರೆ ಎಲ್ಲ ಸೇವುಣ ಶಾಸನಗಳನ್ನೂ ಒಂದೇ ಪದರದಲ್ಲಿ ಒಮ್ಮೆಗೇ ತೆರೆದರೆ ಚುಕ್ಕೆಗಳು ಇಂದಿನ ಕರ್ನಾಟಕದ ಉತ್ತರದ ಜಿಲ್ಲೆಗಳಲ್ಲಿ ಕಿಕ್ಕಿರಿದು, ಚಾಂದವಡದ ಸುತ್ತ ವಿರಳವಾಗಿ ಕಾಣುತ್ತವೆ. ಕಾಲದ ಪಟ್ಟಿಯನ್ನು 1150ಕ್ಕೆ ಹಿಂದೆ ಎಳೆದರೆ ಆ ಕಿಕ್ಕಿರಿದ ಗುಂಪು ಕರಗಿ, ಸಂಗಮನೇರದ ಸಂಸ್ಕೃತ ತಾಮ್ರಪಟದಂಥವು ಉಳಿಯುತ್ತವೆ. ಐದನೇ ಭಿಲ್ಲಮ ಹನ್ನೆರಡನೇ ಶತಮಾನದ ಕೊನೆಯಲ್ಲಿ ಚಾಲುಕ್ಯರ ನೆರಳಿನಿಂದ ಹೊರಬಂದು, ಗದಗಿನ ಬಳಿಯ ಸೊರಟೂರಿನವರೆಗೆ ಇಳಿದು ಹೊಯ್ಸಳ ಇಮ್ಮಡಿ ಬಲ್ಲಾಳನೊಡನೆ ಕಾದಾಡಿದ. ಮುಂದೆ ಅದೇ ಮನೆತನದ ಸಿಂಘಣ ಅದಕ್ಕಿಂತ ಆಚೆಗೂ ಬಂದ. ಕನ್ನಡ ಶಾಸನಗಳ ದಟ್ಟಣೆ ಹೆಚ್ಚಾಗಿ ಈ ಇಳಿದು ಬಂದ ಕಾಲದ್ದು. ಮೂಲದ ಪ್ರಶ್ನೆಯನ್ನು ಹೆಸರುಗಳಿಂದ, ಬಿರುದುಗಳಿಂದ, ಮದುವೆ ಸಂಬಂಧಗಳಿಂದ ವಾದಿಸಬಹುದು, ರಿತ್ತಿಯವರು ವಾದಿಸಿದ್ದೂ ಇಂಥ ಆಧಾರಗಳಿಂದಲೇ. ಕಾಲ ಬೇರ್ಪಡಿಸದ ಚುಕ್ಕೆಗಳ ಎಣಿಕೆಯಿಂದ ವಾದಿಸುವುದು ಮಾತ್ರ ಅಭಿಮಾನದ ಲೆಕ್ಕ. ದೂರ ಅಳೆಯುವ ಸಲಕರಣೆಯೂ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಚಾಂದವಡದಿಂದ ಸೇವುಣರ ಮುಂದಿನ ನೆಲೆ ಸಿನ್ನರಕ್ಕೆ ನೇರ ಗೆರೆಯಲ್ಲಿ ಸುಮಾರು 60 ಕಿ.ಮೀ., ದೇವಗಿರಿಗೆ ಸುಮಾರು 110. ಮೂರು ಶತಮಾನಗಳಲ್ಲಿ ಈ ಮನೆತನದ ನೆಲೆ ಸರಿದದ್ದು ಇಷ್ಟೇ. ಬೆಟ್ಟಸಾಲಿನ ಬುಡದಿಂದ ಬಯಲಿಗೆ ಇಳಿದು, ದಕ್ಷಿಣದ ದಾರಿಗಳಿಗೆ ಮುಖ ಮಾಡಿದ್ದು ಆ ಗೆರೆಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಇನ್ನು ಹಳೆಯ ಹಾಳೆಗಳ ಪದರ. ಇದನ್ನು ತೆರೆಯುವವರು ಕಡಿಮೆ, ತೆರೆದವರಿಗೆ ಲಾಭ ಹೆಚ್ಚು. ಭಾರತೀಯ ಸರ್ವೇಕ್ಷಣಾ ಇಲಾಖೆಯ ಹಾಳೆಗಳ ಸಂಖ್ಯಾಕ್ರಮದಲ್ಲಿ ಚಾಂದವಡದ ಸೀಮೆ 46 ಎಲ್‌ಗೆ ಸೇರುತ್ತದೆ. ಪಟ್ಟಣ ಸರಿಸುಮಾರು 74 ಡಿಗ್ರಿ 15 ಮಿನಿಟಿನ ಗೆರೆಯ ಮಗ್ಗುಲಲ್ಲೇ ಇರುವುದರಿಂದ 46 ಎಲ್/3 ಮುಗಿದು 46 ಎಲ್/7 ಶುರುವಾಗುವ ಅಂಚಿನಲ್ಲಿ ಬೀಳುತ್ತದೆ. ಊರಿನ ಪಶ್ಚಿಮದ ಹೊಲಗಳು ಒಂದು ಹಾಳೆಯಲ್ಲಿ, ಮನಮಾಡಿನ ಕಡೆಯ ಬೆಟ್ಟಗಳು ಇನ್ನೊಂದರಲ್ಲಿ. ಜಿಲ್ಲಾ ಕೇಂದ್ರ ನಾಸಿಕ್‌ನದು ಇನ್ನೂ ಪೇಚು: ನಗರ 20 ಡಿಗ್ರಿ ಅಕ್ಷಾಂಶದ ಮೇಲೆಯೇ ಕೂತಿರುವುದರಿಂದ ಅರ್ಧ ಊರು 46ರ ಸರಣಿಗೆ, ಅರ್ಧ 47ಕ್ಕೆ. ಕಾಗದದ ಕಾಲದಲ್ಲಿ ಈ ಸಂದುಗಳನ್ನು ಮೇಜಿನ ಮೇಲೆ ಗೋಂದು ಹಚ್ಚಿ ಸೇರಿಸಿಕೊಳ್ಳಬೇಕಿತ್ತು. ಪರದೆಯ ಮೇಲೆ ಸಂದೇ ಕಾಣುವುದಿಲ್ಲ. 2017ರಲ್ಲಿ ಇಲಾಖೆ ‘ನಕ್ಷೆ’ ಎಂಬ ತಾಣದಿಂದ ಹಾಳೆಗಳನ್ನು ಪುಕ್ಕಟೆಯಾಗಿ ಇಳಿಸಿಕೊಳ್ಳಲು ಬಿಟ್ಟಿತು, 2021ರ ಫೆಬ್ರವರಿಯ ಹೊಸ ಮಾರ್ಗಸೂಚಿ ಬಿಗಿಯನ್ನು ಮತ್ತಷ್ಟು ಸಡಿಲಿಸಿತು. 1950ರ ದಶಕದ ಅಮೆರಿಕನ್ ಸೈನ್ಯದ ಕಾಲಿಂಚಿನ ಹಾಳೆಗಳು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದ ತಾಣದಲ್ಲಿವೆ. ಇಂಥ ಒಂದು ಹಾಳೆಯನ್ನು ಇಂದಿನ ನಕಾಶೆಯ ಮೇಲೆ ಹೊಂದಿಸಿ, ಪಾರದರ್ಶಕತೆಯ ಗುಬ್ಬಿಯನ್ನು ಮೆಲ್ಲನೆ ಎಳೆದರೆ ದಾರಿ ಎಲ್ಲಿ ಬದಲಾಗಿದೆ, ಎಲ್ಲಿ ಬದಲಾಗಿಲ್ಲ ಎಂಬುದು ಕಣ್ಣೆದುರೇ ತೇಲಿ ಬರುತ್ತದೆ. ಜೊತೆಗೆ ಕ್ಯಾಂಪ್‌ಬೆಲ್ ಸಂಪಾದಿಸಿದ 1883ರ ನಾಸಿಕ್ ಗೆಜೆಟಿಯರ್ ಪಕ್ಕದಲ್ಲಿದ್ದರೆ ಹಾಳೆಗೆ ಮಾತು ಬರುತ್ತದೆ. ಜಿಲ್ಲೆಯ ಗಡಿಯ ಪದರವನ್ನು ಮಾತ್ರ ಹಿಂದಕ್ಕೆ ಒಯ್ಯಬೇಡಿ. ನಾಸಿಕ್ ಜಿಲ್ಲೆ ಎಂಬುದೇ ಹುಟ್ಟಿದ್ದು 1869ರಲ್ಲಿ. ಹೋಳ್ಕರರ ರಂಗಮಹಲು, ಅಹಿಲ್ಯಾಬಾಯಿಯ ಹೆಸರಿನೊಂದಿಗೆ ಬೆಸೆದುಕೊಂಡ ಆ ವಾಡೆ, ಕಟ್ಟಿದ್ದು ಆ ಗಡಿ ಇಲ್ಲದ ಕಾಲದಲ್ಲಿ.

ಹೋಳ್ಕರರು ಇಲ್ಲಿ ಬೇರೂರಿದ್ದಕ್ಕೂ, ಟಂಕಸಾಲೆ ಇಟ್ಟದ್ದಕ್ಕೂ, 1804ರಲ್ಲಿ ಕರ್ನಲ್ ವಾಲೇಸ್‌ನ ಪಡೆ ಬಂದು ಕೋಟೆ ತೆಗೆದುಕೊಂಡಿದ್ದಕ್ಕೂ, ಹಿಂದಿರುಗಿಸಿದ ಕೋಟೆ 1818ರಲ್ಲಿ ಮತ್ತೆ ಬ್ರಿಟಿಷರ ಕೈಗೆ ಹೋದದ್ದಕ್ಕೂ ಕಾರಣ ರಾಹೂಡ್ ಘಾಟಿಯೇ ಎಂದು ಹೇಳಿಬಿಡಬಹುದೇ? ಇಲ್ಲಿ ಬಲವಾದ ಆಕ್ಷೇಪಣೆ ಕಾದಿದೆ. ನೆಲವೇ ಎಲ್ಲವನ್ನೂ ನಿರ್ಧರಿಸುವುದಾದರೆ ಚಾಂದವಡ್ ಯಾವತ್ತೂ ದೊಡ್ಡ ಊರಾಗಿಯೇ ಉಳಿಯಬೇಕಿತ್ತು. ಬೆಟ್ಟ ಕದಲಿಲ್ಲ, ಸಂದು ಮುಚ್ಚಿಲ್ಲ, ಆದರೂ ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಸೀಮೆಯ ಓಡಾಟ ಮನಮಾಡಿಗೆ ಸರಿಯಿತು. ನಿಜ. 1860ರ ದಶಕದಲ್ಲಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಸಾರಾ ಘಾಟ್ ಹತ್ತಿ, ನಾಸಿಕ್ ದಾಟಿ ಬಂದಾಗ ಚಾಂದವಡದ ಕಡೆ ತಿರುಗಲಿಲ್ಲ. ದಕ್ಷಿಣದ ಬಯಲಿನಲ್ಲೇ ನಿಫಾಡ್, ಲಾಸಲಗಾವ್ ಎಂದು ಸಾಗಿ, ಮನಮಾಡ್ ದಾಟಿ ನಾಂದಗಾವ್ ಕಡೆಗೆ ಬೆಟ್ಟಸಾಲು ತೀರ ತಗ್ಗಾದ ಕಡೆ ಆಚೆಗೆ ಹೋಯಿತು. 1878ರಲ್ಲಿ ದೌಂಡ್‌ನಿಂದ ಬಂದ ಹಾದಿ ಅಂಕಾಯಿ ಕೋಟೆಯ ಬುಡದಲ್ಲಿ ಹಾದು ಮನಮಾಡನ್ನು ಕೂಡುನಿಲ್ದಾಣ ಮಾಡಿತು. ಮುಂದೆ ಹೈದರಾಬಾದಿನ ಕಡೆಯ ಹಾದಿಯೂ ಅಲ್ಲಿಗೇ ಬಂದು ಸೇರಿತು. ಚಾಂದವಡಕ್ಕೂ ಮನಮಾಡಿಗೂ ಇಪ್ಪತ್ತು ಇಪ್ಪತ್ತೈದು ಕಿ.ಮೀ. ಅಂತರ, ಅಷ್ಟರಲ್ಲೇ ಒಂದು ಊರಿನ ಅದೃಷ್ಟ ಇನ್ನೊಂದಕ್ಕೆ ಹೋಯಿತು.

ಇದು ನೆಲದ ವಾದವನ್ನು ಕೆಡವುತ್ತದೆ ಎಂದು ನನಗೆ ಅನ್ನಿಸುವುದಿಲ್ಲ, ಅದನ್ನು ತಿದ್ದುತ್ತದೆ. ಸಮೋನ್ನತಿ ರೇಖೆಗಳನ್ನು ಇನ್ನೊಮ್ಮೆ ನೋಡಿ. ರಾಹೂಡಿನ ಇಳಿಜಾರು ಎತ್ತಿಗೆ ಸಾಧ್ಯ, ಕುದುರೆಗೆ ಸಲೀಸು, ಹಬೆ ಎಂಜಿನ್ನಿಗೆ ಒಗ್ಗುವಂಥದ್ದಲ್ಲ. ನಯವಾದ ಕಬ್ಬಿಣದ ಗಾಲಿ ನಯವಾದ ಕಂಬಿಯ ಮೇಲೆ ಏರುವುದರಲ್ಲಿ ಬಹಳ ಸೋಮಾರಿ. ನೂರು ಅಡಿಗೆ ಎರಡು ಮೂರು ಅಡಿ ಏರಿದರೂ ಅದಕ್ಕೆ ಹಿಂದಿನಿಂದ ಇನ್ನೊಂದು ಎಂಜಿನ್ ನೂಕುವುದು ಬೇಕಾಗುತ್ತದೆ, ಕಸಾರಾ ಘಾಟಿನಲ್ಲಿ ಇಂದಿಗೂ ಹಾಗೇ ನೂಕುತ್ತಾರೆ. ದೂರ ಹೆಚ್ಚಾದರೂ ಸರಿ, ಏರು ಕಡಿಮೆ ಇರಲಿ ಎಂಬುದು ರೈಲಿನ ಲೆಕ್ಕ. ಏರಾದರೂ ಸರಿ, ದೂರ ಕಡಿಮೆ ಇರಲಿ ಎಂಬುದು ಹೇರೆತ್ತಿನ ಲೆಕ್ಕ. ಅದೇ ಬೆಟ್ಟಸಾಲು ಎರಡು ವಾಹನಗಳಿಗೆ ಎರಡು ಬೇರೆ ಬೆಲೆ ಕೇಳಿತು. ನೆಲ ಆಜ್ಞೆ ಮಾಡುವುದಿಲ್ಲ, ಸುಂಕ ಹಾಕುತ್ತದೆ. ಯಾವ ಸುಂಕ ಕಟ್ಟುವುದು ಲಾಭ ಎಂಬುದನ್ನು ಆಯಾ ಕಾಲದ ವಾಹನ, ಹಣ, ಆಳುವವರ ಉದ್ದೇಶ ತೀರ್ಮಾನಿಸುತ್ತವೆ. ಇದಕ್ಕೆ ಮೂರನೇ ಸಾಕ್ಷಿಯೂ ಇದೆ. ಇಪ್ಪತ್ತನೇ ಶತಮಾನದಲ್ಲಿ ಲಾರಿ ಬಂತು. ಅದರ ರಬ್ಬರ್ ಗಾಲಿಗೆ ಏರಿನ ಭಯ ಕಡಿಮೆ. ಮುಂಬಯಿ-ಆಗ್ರಾ ರಸ್ತೆ, ಬಹುಕಾಲ 3ನೇ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿಯಾಗಿದ್ದದ್ದು, ಈಗ ಧುಳೆಯಿಂದ ನಾಸಿಕ್‌ವರೆಗೆ 60ನೇ ಸಂಖ್ಯೆಯದು, ಮನಮಾಡನ್ನು ಪಕ್ಕಕ್ಕೆ ಬಿಟ್ಟು ಮತ್ತೆ ಚಾಂದವಡದ ಮೂಲಕವೇ, ರಾಹೂಡ್ ಘಾಟಿನ ಮೇಲೆಯೇ ಹೋಗುತ್ತದೆ. ಊರ ಬಳಿ ಟೋಲ್ ನಾಕೆಯೂ ಇದೆ. ದಾರಿ ಕಾಯ್ದು ಬಾಳಿದ ದೃಢಪ್ರಹಾರನಿಗೆ ಅದು ಅಪರಿಚಿತ ವ್ಯವಹಾರ ಎನಿಸುತ್ತಿರಲಿಲ್ಲವೇನೋ. ರಸ್ತೆಯ ಪದರವನ್ನು ಮೊದಲೇ ತೆರೆದಿಟ್ಟುಕೊಂಡವರಿಗೆ ಹೆದ್ದಾರಿ ಅಲ್ಲಿರುವುದು ಸ್ವಾಭಾವಿಕ ಎನ್ನಿಸುತ್ತದೆ. ಕೊನೆಗೆ ತೆರೆದವರಿಗೆ, ಅದು ನಡುವೆ ಒಂದು ಶತಮಾನ ಸೊರಗಿ ಮತ್ತೆ ಚಿಗುರಿದ ಹಾದಿ ಎಂದು ಗೊತ್ತಾಗುತ್ತದೆ.

ಇಷ್ಟೆಲ್ಲ ಪದರಗಳ ಗೋಜು ಶಾಲೆಯ ಮಕ್ಕಳಿಗೆ ಯಾಕೆ, ಗೋಡೆಯ ಮೇಲಿನ ಒಳ್ಳೆಯ ಭೂಪಟ ಮತ್ತು ಒಳ್ಳೆಯ ಮೇಷ್ಟ್ರು ಸಾಲದೇ ಎಂದು ಕೇಳುವವರಿದ್ದಾರೆ. ಮೇಷ್ಟ್ರು ಬೇಕೇ ಬೇಕು. ಯಾವ ಪದರ ಯಾವ ಹೊತ್ತಿಗೆ ತೆರೆಯಬೇಕೆಂದು ತಾಣ ತಾನಾಗಿ ಹೇಳುವುದಿಲ್ಲ. ಆದರೆ ಗೋಡೆಯ ಭೂಪಟದಲ್ಲಿ ಚಾಂದವಡದ ಹೆಸರಿಗೇ ಜಾಗವಿರುವುದಿಲ್ಲ, ಇನ್ನು ರಾಹೂಡ್ ಘಾಟಿನ ಮಾತೆಲ್ಲಿ. ಅಂಥ ಭೂಪಟದಿಂದ ಕಲಿತವರಿಗೆ ಚರಿತ್ರೆ ರಾಜಧಾನಿಗಳ ನಡುವೆ ನಡೆದ ವ್ಯವಹಾರವಾಗಿ ಕಾಣುವುದು ಸಹಜ. ನಮ್ಮ ರಾಜ್ಯದ ತಾಣಗಳಿಗೂ ಒಂದು ಮಿತಿ ಇದೆ. ಕರ್ನಾಟಕದ ಕೆ-ಜಿಐಎಸ್ ಮತ್ತು ಅದರ ಮೇಲೆ ಕಟ್ಟಿದ ದಿಶಾಂಕ್ ಆ್ಯಪ್ ಸರ್ವೆ ನಂಬರಿನ ಗಡಿಯನ್ನು ಹೊಲದಲ್ಲಿ ನಿಂತವರಿಗೇ ತೋರಿಸುವಷ್ಟು ಸೂಕ್ಷ್ಮವಾಗಿವೆ, ಆದರೆ ಅವುಗಳ ಪದರಗಳು ರಾಜ್ಯದ ಅಂಚಿಗೆ ನಿಲ್ಲುತ್ತವೆ. ಅದು ಅವುಗಳ ಕೆಲಸಕ್ಕೆ ಸರಿ. ಸೊರಟೂರಿನ ಯುದ್ಧವನ್ನು ಓದುವ ಗದಗಿನ ವಿದ್ಯಾರ್ಥಿಗೆ ಭಿಲ್ಲಮನ ಮುತ್ತಜ್ಜಂದಿರು ಯಾವ ಬೆಟ್ಟದ ಬುಡದಿಂದ ಹೊರಟವರು ಎಂದು ತಿಳಿಯಬೇಕಾದರೆ ಭುವನ್‌ಗೆ ಹೋಗಿ, ನಕಾಶೆಯನ್ನು ಬಡಗಣಕ್ಕೆ ಎಳೆದು, ಭೀಮೆಯನ್ನೂ ಗೋದಾವರಿಯನ್ನೂ ದಾಟಿ, ರಸ್ತೆಗಳನ್ನು ಮರೆಮಾಡಿ, ಸಾತಮಾಳದಲ್ಲಿ ರೇಖೆಗಳು ಸಡಿಲವಾಗುವ ಜಾಗವನ್ನು ಹುಡುಕಬೇಕು.